ಅಪ್ಪನ ಟ್ರ್ಯಾಕ್ಟರಿನ ಪಾಳಿ

ಟೀಚರ್ ಆಗಿ ಟ್ರ್ಯಾಕ್ಟರ್ ರಿಪೇರಿ ಮಾಡ್ತಾಳ ಅಂದ್ರ ಜನ ನಗ್ತಾರ. ನಗಲಿ, ನನಗೇನು? ಬೀದರದ ಚಿದ್ರಿಯೊಳಗ ನಮ್ಮ ಮನಿ. ಹೈಸ್ಕೂಲಿನಾಗ ವಿಜ್ಞಾನ ಕಲಸ್ತೇನಿ. ಹೋದ ದಸರಾ ಸೂಟಿಯಿಂದ ಜೂನಿನ ಮಿರಗದ ಮಳಿ ತನಕ ನಮ್ಮ ಅಂಗಳದಾಗ ಹೂವಿನ ಕುಂಡಿ ಇಡಾಕ ಸೈತ ಜಾಗ ಇದ್ದಿಲ್ಲ. ಅಲ್ಲಿ ನಮ್ಮಪ್ಪನ ಹಳೀ ಟ್ರ್ಯಾಕ್ಟರ್ ಬಿಚ್ಚಿ ಹಾಕಿದ್ದೆ. ಓಣ್ಯಾಗಿನ ಹೆಣ್ಣಮಕ್ಕಳು ಗೇಟಿನ್ಯಾಗ ನಿಂತು, “ಏನ್ ಟೀಚರ್, ಟ್ರ್ಯಾಕ್ಟರಿಗಿ ಟ್ಯೂಷನ್ ನಡದದೇನ್ರಿ?” ಅಂತ ಕಾಡಸ್ತಿದ್ರು. “ಹೌದ್ರಿ, ನಿಮ್ಮ ಮಕ್ಕಳಕ್ಕಿಂತ ಜಲ್ದಿ ಕಲೀತದ” ಅಂತಿದ್ದೆ ನಾ.

ಚಿಂತಾಕಿ ಹತ್ರ ನಮ್ಮ ಹೊಲ. ನಾ ಸಣ್ಣಾಕಿ ಇದ್ದಾಗ ಊರಾಗ ಟ್ರ್ಯಾಕ್ಟರ್ ಇದ್ದದ್ದು ದೊಡ್ಡ ಮನಿಯವರ ಹತ್ರ ಅಷ್ಟೇ. ಮಿರಗದ ಮಳಿ ಬಿದ್ದು ಮಣ್ಣು ಹದಕ್ಕ ಬಂತಂದ್ರ ಅವು ಬಾಡಿಗಿಗಿ ಊರೆಲ್ಲಾ ತಿರಗಿ, ಕಡೀಗಿ ನಮ್ಮ ಓಣಿಯವರ ಹೊಲಕ್ಕ ಬರ್ತಿದ್ದವು. ರೊಕ್ಕ ಮೊದಲೇ ಕೊಟ್ರೂ ಪಾಳಿ ಕಡೀಗೇ. ಅಷ್ಟರಾಗ ಹಸಿ ಆರಿ, ಬಿತ್ತಿದ ಕಾಳು ಅರ್ಧ ನಾಟಿದ್ರ ಅರ್ಧ ಇಲ್ಲ. ಯಾಕ ಕಡೀಗಿ ಅಂತ ಯಾರೂ ಹೇಳ್ತಿದ್ದಿಲ್ಲ. ಎಲ್ಲರಿಗೂ ಗೊತ್ತಿದ್ದದ್ದು ಹೇಳೋದೇನು? ಅದಕ್ಕೇ ಅಪ್ಪ ಯಾರೋ ಬಳಸಿ ಬಿಟ್ಟ ಸಣ್ಣದೊಂದು ಟ್ರ್ಯಾಕ್ಟರ್ ತಂದ. ಆ ವರ್ಷದಿಂದ ಹದ ಬಂದ ದಿನಾನೇ ನಮ್ಮ ಹೊಲ ಬಿತ್ತಿ ಮುಗೀತಿತ್ತು. ನಮ್ಮಪ್ಪಗ ಮೂರೂ ಹೆಣ್ಣಮಕ್ಕಳು, ಹಿರೀಕಿ ನಾ. ನನ್ನ ಕಾಲಿಗಿ ಕ್ಲಚ್ ಎಟಕೋ ಹೊತ್ತಿಗಿ ಅಪ್ಪ ನನಗ ಸ್ಟೇರಿಂಗ್ ಕೊಟ್ಟ.

ಮುಂದ ಅಪ್ಪನ ಮೊಣಕಾಲು ಹೋದವು. ಅಪ್ಪನ್ನ ಚಿದ್ರಿಗಿ ಕರಕೊಂಡು ಬಂದೆ. ಹೊಲ ಕಾಕಾ ನೋಡ್ಕೊಳ್ಳಲತ್ತ. ಟ್ರ್ಯಾಕ್ಟರ್ ಬೇವಿನ ಗಿಡದ ಬುಡಕ ನಿಂತು ನಿಂತು ಜಂಗು ಹಿಡದು ಇಂಜಿನ್ ಜಾಮ್ ಆಯ್ತು. ಹೋದ ದಸರಾಕ್ಕ ನಾವೆಲ್ಲಾ ಊರಿಗಿ ಹೋದಾಗ, ಊಟಕ್ಕ ಕೂತಲ್ಲೇ ಕಾಕಾ ಅಂದ: “ಅಣ್ಣಾ, ಅದನ ಗುಜರಿಗಿ ಕೊಟ್ಟುಬಿಡು. ಜಾಗಾ ಖಾಲಿ ಆಗ್ತದ.”

ಅಪ್ಪ ತಾಟಿನಾಗಿನ ರೊಟ್ಟಿ ಮುರೀಲಾರದೇ ಕೈ ತೊಳಕೊಂಡ. ನನಗ ಸಿಟ್ಟು ನೆತ್ತಿಗೇರಿತು.

“ಬರೋ ಮಿರಗದಾಗ ಇದರ ಮ್ಯಾಲೇ ಬಿತ್ತತೇನಿ ಕಾಕಾ. ಬಿತ್ತಲಿಲ್ಲಂದ್ರ ನಾನೇ ಗುಜರಿಗಿ ಹಾಕಿ ಬರ್ತೇನಿ!”

ಆಡಿದ್ದು ಆಡಿಬಿಟ್ಟೆ. ಮಾರನೇ ದಿನ ಟೆಂಪೋದಾಗ ಅದನ್ನ ಹೇರಿಸಿಕೊಂಡು ಬರಾಗ ನಮ್ಮ ಮನಿಯವರು ಇಷ್ಟೇ ಕೇಳಿದ್ರು: “ನಿನಗ ಚಲಾಯಿಸಾಕ ಬರ್ತದ, ಖರೆ. ಬಿಚ್ಚಾಕ ಬರ್ತದೇನು?”

ಬರ್ತಿದ್ದಿಲ್ಲ. ಕಲ್ತೆ. ಇಂಜೆಕ್ಟರ್ ತಗದು, ಕಡ್ಲಿ ನೆನಿ ಇಟ್ಟಂಗ ಸಿಲಿಂಡರಿನಾಗ ಡೀಸೆಲ್ ಹಾಕಿ ನೆನಿ ಇಟ್ಟೆ. ದಿನಾ ಸಾಲಿಯಿಂದ ಬಂದು, ದೊಡ್ಡ ಗೇರಿನಾಗ ಹಾಕಿ ಹಿಂದಿನ ಗಾಲಿ ನೂಕೋದು. ಅಪ್ಪ ಕುರ್ಚಿ ಮ್ಯಾಲ ಕೂತು ನೋಡ್ತಿದ್ದ. “ಹಗರಕ ಅವ್ವಾ, ಹಗರಕ” ಅನ್ನೋದೊಂದೇ ಅವನ ಮಾತು. ಒಂದಿನ ಸಂಜೀಕ ಒಳಗ ‘ಕಟಕ್’ ಅಂತು, ಗಾಲಿ ತಿರಗಿತು. ನಾ ಕೂಗಿದ ಕೂಗಿಗಿ ಬಾಜೂ ಮನಿಯವರು ಹಾವು ಬಂತೇನೋ ಅಂತ ಬಡಿಗಿ ಹಿಡಕೊಂಡು ಓಡಿ ಬಂದ್ರು.

ಡೀಸೆಲ್ ಟಾಕಿ ಒಳಗೆಲ್ಲಾ ಜಂಗು. ಅದರಾಗ ಹುಣಸಿಹಣ್ಣಿನ ನೀರು, ಸಣ್ಣ ಕಂಕರ ಕಲ್ಲು ಹಾಕಿ, ಆ ಕಡಿ ನಮ್ಮ ಮನಿಯವರು ಈ ಕಡಿ ನಾ ಹಿಡಕೊಂಡು ತೊಟ್ಟಲ ತೂಗಿದಂಗ ಅಲಗಾಡಿಸಿದೆವು. ಹಳೀ ಪಿಸ್ಟನ್ನಿನ ರಿಂಗು ಬೀದರದಾಗ ಎಲ್ಲೂ ಸಿಗಲಿಲ್ಲ, ಭಾಲ್ಕಿಗಿ ಹೋದೆವು. ಅಂಗಡಿಯವ ನನ್ನ ದಾಟಿ ನಮ್ಮ ಮನಿಯವರನ್ನ ಕೇಳಿದ, “ಯಾವ ಸೈಜ್ ಬೇಕ್ರಿ ಸರ್?”

“ಅವರು ಚೀಲ ಹಿಡೀಲಿಕ್ಕಿ ಬಂದಾರ,” ಅಂದೆ ನಾ, “ಸೈಜ್ ನನ್ನ ಕೇಳ್ರಿ.”

ನಮ್ಮ ಮನಿಯವರು ಖರೇನೇ ಚೀಲ ಮುಂದ ಮಾಡಿದ್ರು. ಅಂಗಡಿಯವ ಚಾ ತರಿಸಿದ.

ಬಣ್ಣಾನೂ ನಾನೇ ಹೊಡದೆ. ಸೀಟಿನ ಬುಡಕ ಮೂಲ ಬಣ್ಣ ಒಂದು ರೂಪಾಯಿ ಅಗಲ ಉಳದಿತ್ತು, ಇಟ್ಟಂಗಿ ಕೆಂಪು. ಅದಕ್ಕ ಹೊಂದೋ ತನಕ ಬಣ್ಣದ ಅಂಗಡಿಯವನ ಜೀವ ತಿಂದೆ. ಬ್ಯಾಸಿಗಿ ಸೂಟಿ ಮುಗಿಯೋದ್ರಾಗ ಎಲ್ಲಾ ಜೋಡಿಸಿ, ಹ್ಯಾಂಡಲ್ ಹೊಡದೆ. ಕೆಮ್ಮಿತು. ಮತ್ತ ಹೊಡದೆ. ಕರೀ ಹೊಗಿ ಉಗುಳಿ ‘ಟುಕ್ಕು ಟುಕ್ಕು’ ಅಂತ ಹಿಡೀತು ನೋಡ್ರಿ! ಅಪ್ಪ ಕುರ್ಚಿಯಿಂದ ಎದ್ದು ನಿಂತ. ನಾ ಮಸಿ ಕೈಲೇ ಕಣ್ಣು ಒರಸ್ಕೊಂಡೆ, ಮಾರಿ ಎಲ್ಲಾ ಕರ್ರಗ.

ಆದ್ರ ಅಂಗಳದಾಗ ಟುಕ್ಕು ಟುಕ್ಕು ಅಂದ್ರ ಬಿತ್ತಿದಂಗೇನು? ಕಾಕಾ ಫೋನಿನಾಗ ಅದನ್ನೇ ಅಂದ. “ಆವಾಜ್ ಛಲೋ ಅದ ಮಗಳ. ಕೂರಿಗಿ ಎಳೀತದೇನು?” ಅವ ಈ ಸಲಾನೂ ಬಾಡಿಗಿ ಟ್ರ್ಯಾಕ್ಟರ್ ಹೇಳಿ ಇಟ್ಟಿದ್ದ.

ಮಿರಗದ ಮಳಿ ಬಿತ್ತು. ಟೆಂಪೋದಾಗ ಔರಾದ ತನಕ ತಂದು ಅಲ್ಲಿ ಇಳಿಸಿದೆ. ಅಲ್ಲಿಂದ ಊರಿಗಿ ನಾನೇ ಚಲಾಯಿಸ್ಕೊಂಡು ಹೋದೆ. ಅಪ್ಪನ್ನ ಮಡ್‌ಗಾರ್ಡಿನ ಮ್ಯಾಲ ಕೂಡಿಸಿದ್ದೆ. ಹಿಂದ ಬಸ್ಸಿನವ ಹಾರ್ನ್ ಹೊಡದೇ ಹೊಡದ. ಹೊಡೀಲಿ, ನಾ ಯಾಕ ಬಾಜೂ ಸರೀಲಿ? ಆ ದಿನ ಆ ರಸ್ತಾ ನಂದೇ ಇತ್ತು.

ಹೊಲಕ್ಕ ಹೋದ್ರ ಕಾಕಾ ಬದುವಿನ ಮ್ಯಾಲ ತಲಿ ಮ್ಯಾಲ ಕೈ ಹೊತ್ತು ಕೂತಿದ್ದ. ಬಾಡಿಗಿಯವ ಇವತ್ತ ಅಲ್ಲ, ನಾಳಿ ಅಲ್ಲ, ನಾಡದು ಅಂದಿದ್ದ. ಮಣ್ಣು ಮುಟ್ಟಿ ನೋಡಿದೆ, ಬರೋಬರಿ ಹದ. ಕೂರಿಗಿ ಕಟ್ಟಿ, ಸೋಯಾ ತುಂಬಿ, ಗೇರ್ ಹಾಕ್ದೆ. ಮುಂದಿನ ಗಾಲಿ ಒಮ್ಮಿ ಮ್ಯಾಲ ಎದ್ದವು, ಕ್ಲಚ್ ಒತ್ತಿ ಹಗರಕ ಬಿಟ್ಟೆ. ಮುಂದ ಎಳೀತು! ಮೊದಲನೇ ಸಾಲು ಸೊಟ್ಟ ಆಯ್ತು, ಸುಳ್ಳ್ಯಾಕ ಹೇಳಲಿ. ಆಮ್ಯಾಲಿನ ಸಾಲು ನೋಡಬೇಕಿತ್ತು ನೀವು. ಹೊತ್ತು ಇಳಿಯೋದ್ರಾಗ ಹೊಲ ಮುಗೀತು. ಕಾಕಾ ತಾನೇ ನೀರಿನ ತಂಬಗಿ ತಂದು ಕೊಟ್ಟ. “ಹೆಣ್ಣು ಹುಲಿ ಬಿಡು ನೀ” ಅಂದ.

ಆಗ ದೊಡ್ಡ ಮನಿಯ ಈಗಿನ ಯಜಮಾನ ಬದು ಹಿಡದು ಬಂದ. ಅವರ ಟ್ರ್ಯಾಕ್ಟರಿನ ಕ್ಲಚ್ ಸುಟ್ಟು ಹೊಲದಾಗೇ ನಿಂತಿತ್ತು. ಅವರಪ್ಪ ನಮ್ಮಪ್ಪನ್ನ ‘ಲೇ’ ಅಂತಿದ್ದ. ಇವ ನಿಂತು ಕೇಳಿದ: “ನಿಮ್ಮ ಗಾಡಿ ಯಾವಾಗ ಖಾಲಿ ಆಗ್ತದ್ರಿ?”

“ನಿಮ್ಮ ಪಾಳಿ ಕಡೀಗಿ” ಅನ್ನೋದು ನನ್ನ ನಾಲಿಗಿ ತುದೀಗಿ ಬಂದಿತ್ತು. ಅಷ್ಟರಾಗ ಅಪ್ಪ ಅಂದ, “ಈಗೇ ಖಾಲಿ ಅದ. ಇನ್ನಾ ಬೆಳಕದ, ನಡೀರಿ.”

ನಾ ಹಲ್ಲು ಕಡದೆ. “ಅಪ್ಪಾ, ಇವರು ನಮಗ ಎಷ್ಟು ಕಾಯಿಸ್ಯಾರ, ಮರ್ತೇನು?”

“ಮರ್ತಿಲ್ಲ. ಹದ ಆರೋದು ನೋಡ್ಕೋತ ಕೂಡೋದು ಹ್ಯಾಂಗಿರ್ತದ ನನಗ ಗೊತ್ತದವ್ವಾ. ಅದಕ್ಕೇ ಹೋಗು ಅಂತೇನಿ.”

ಸಿಟ್ಟಿನಾಗೇ ಗೇರ್ ಹಾಕ್ದೆ. ಅಪ್ಪ ಕಾಕಾನ ಹೆಗಲು ಹಿಡಕೊಂಡು ಮಡ್‌ಗಾರ್ಡ್ ಹತ್ತಿ ಕೂತ. ಬದು ದಾಟಿ ದೊಡ್ಡ ಮನಿಯವರ ಹೊಲಕ್ಕ ಇಳಿದೆವು. ನಮ್ಮ ಮನಿತನದವರು ಯಾರೂ ಇಲ್ಲೀತನಕ ಆ ಹೊಲಕ್ಕ ಗಾಡಿ ಮ್ಯಾಲ ಕೂತು ಹೋಗಿದ್ದಿಲ್ಲ, ಹೋದದ್ದೆಲ್ಲಾ ನಡಕೋತ, ಕೂಲಿಗಿ.