ಪ್ಯಾಚು ಹಿಡಿಯದ ಟ್ಯೂಬು

"ಇದು ನೀನು ಹಾಕಿದ ಪ್ಯಾಚಾ? ಕಾವಲಿಯಿಂದ ದೋಸೆ ಎದ್ದ ಹಾಗೆ ಎದ್ದು ಬಂತಲ್ಲ ಮಾರಾಯ" ಎಂದು ಜೀಪಿನ ಶೀನಪ್ಪಣ್ಣ ಟ್ಯೂಬನ್ನು ನನ್ನ ಕಾಲಬುಡಕ್ಕೆ ಬಿಸಾಡಿದರು.

೧೯೮೨ನೇ ಇಸವಿ, ಮಳೆ ಬಿಟ್ಟ ಸಮಯ. ಪಂಜದಲ್ಲಿ ನಾನು ಪಂಕ್ಚರ್ ಅಂಗಡಿ ಹಾಕಿ ಹನ್ನೆರಡು ದಿನ ಆಗಿತ್ತು. ವಾಪಸು ಬಂದ ಟ್ಯೂಬುಗಳಲ್ಲಿ ಅದು ಮೂರನೆಯದು.

"ಪ್ಯಾಸೆಂಜರನ್ನೆಲ್ಲ ಇಳಿಸಿ ನಡೆಸಿದೆ ಇವತ್ತು. ಇನ್ನು ಪುತ್ತೂರಿಗೇ ಕೊಂಡು ಹೋಗುದು" ಎಂದು ಅವರು ಹೊರಟರು.

ಒಳಗಿನ ಊರುಗಳಿಗೆ ಆಗ ಓಡುತ್ತಿದ್ದದ್ದು ಐದೇ ಜೀಪು. ಆ ಐದು ಡ್ರೈವರುಗಳು ಬಿಟ್ಟರೆ ನನಗೆ ಗಿರಾಕಿ ಇಲ್ಲ. ಇವನಿಗೆ ಕೈಗುಣ ಇಲ್ಲ ಎಂದು ಮಾತಾಯಿತು. ಅವ್ವ ದೃಷ್ಟಿ ಆಗಿದೆ ಎಂದು ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದಳು. ಮನೆಯೆಲ್ಲ ಕೆಮ್ಮಿತು. ಪ್ಯಾಚು ಮಾತ್ರ ಹಿಡಿಯಲಿಲ್ಲ.

ನನಗೆ ಕೆಲಸ ಕಲಿಸಿದವರು ಪುತ್ತೂರಿನಲ್ಲಿ ಟಯರ್ ಅಂಗಡಿ ಇಟ್ಟಿದ್ದ ಮೋನಾಕ. ಅರುವತ್ತು ದಾಟಿದ ಬ್ಯಾರಿ ಮುಸ್ಲಿಮರು. ಬೊಂಬಾಯಿಯಲ್ಲಿ ಟ್ಯೂಬು ಮಾಡುವ ಕಡೆ ಹತ್ತು ವರ್ಷ ದುಡಿದು ಬಂದವರು. ಎರಡು ವರ್ಷ ಅವರ ಅನ್ನ ತಿಂದು, ಜಗಳ ಮಾಡಿ ಬಿಟ್ಟವನು ನಾನು. ಕಡಬದ ಹತ್ತಿರ ಅಪ್ಪ ರಬ್ಬರು ತೋಟದಲ್ಲಿ ಹಾಲು ತೆಗೆಯುವ ಕೆಲಸದಲ್ಲಿದ್ದರು. ಅದೇ ಜಂಬ ನನಗೆ. ಮೋನಾಕ ಯಾವುದೋ ಹೊಸ ನಮೂನೆಯ ಟ್ಯೂಬಿನ ವಿಷಯ ಹೇಳಲು ಬಂದಾಗ, "ರಬ್ಬರಿನ ವಿಷಯ ನನಗೆ ಹೇಳಿಕೊಡುದು ಬೇಡ. ನಾನು ಹುಟ್ಟಿದ್ದೇ ರಬ್ಬರು ಮರದ ಬುಡದಲ್ಲಿ. ನೀವು ಮರ ನೋಡಿದ್ದೀರಾ?" ಎಂದು ನಾಲ್ಕು ಜನರ ಎದುರು ಕೇಳಿದ್ದೆ. ಮರುದಿನ ಕೆಲಸಕ್ಕೆ ಹೋಗಲಿಲ್ಲ.

ಅವರ ಮುಂದೆ ಹೋಗಿ ನಿಲ್ಲುವುದಕ್ಕಿಂತ ಅಂಗಡಿ ಮುಚ್ಚುವುದು ಸುಲಭ ಅನಿಸಿತು. ಆದರೂ ಶೀನಪ್ಪಣ್ಣನ ಟ್ಯೂಬನ್ನು ಚೀಲಕ್ಕೆ ತುಂಬಿಸಿ ಬಸ್ಸು ಹತ್ತಿದೆ.

"ಓ, ಮರ ನೋಡಿದವನು ಬಂದ" ಅಂದರು ಮೋನಾಕ.

ನಾನು ಚೀಲದಿಂದ ಟ್ಯೂಬು ತೆಗೆದು ಕೊಟ್ಟೆ. ಅವರು ಎದ್ದ ಪ್ಯಾಚಿನ ಅಂಚನ್ನು ಉಗುರಿನಿಂದ ಮುಟ್ಟಿ ನೋಡಿದರು. ಮತ್ತೆ ಗುಜರಿ ಡಬ್ಬದಿಂದ ಎರಡು ಹಳೆಯ ಟ್ಯೂಬಿನ ತುಂಡು ತೆಗೆದು, ಸುತ್ತಿ ಉಂಡೆ ಕಟ್ಟಿ ನೆಲಕ್ಕೆ ಬಿಟ್ಟರು. ಒಂದು ಮೊಣಕಾಲಿನವರೆಗೆ ನೆಗೆಯಿತು. ಇನ್ನೊಂದು ಸೆಗಣಿಯ ಹಾಗೆ ಬಿದ್ದಲ್ಲೇ ಕೂತಿತು.

"ನೆಗೆದದ್ದು ನಿನ್ನ ಅಪ್ಪನ ಮರದ್ದು. ಕೂತದ್ದು ಬ್ಯುಟೈಲು. ಪೆಟ್ರೋಲು ಶುದ್ಧ ಮಾಡುವಲ್ಲಿ ಸಿಗುವ ಗ್ಯಾಸಿನಿಂದ ಅದನ್ನು ಮಾಡುದು. ನೀನು ತಂದದ್ದೂ ಅದೇ."

"ರಬ್ಬರು ರಬ್ಬರೇ ಅಲ್ವಾ ಮೋನಾಕ?"

"ಅಲ್ಲ. ಮರದ ರಬ್ಬರಿಗೆ ಮೈಯೆಲ್ಲ ಕೈ ಉಂಟು ಅಂತ ಇಟ್ಟುಕೋ. ಗಂಧಕ ಸೇರಿಸಿ ಬಿಸಿ ಮಾಡಿದ ಕೂಡಲೇ ಪ್ಯಾಚನ್ನು ಗಟ್ಟಿ ಹಿಡಿದುಕೊಳ್ತದೆ. ಇದಕ್ಕೆ ನೂರರಲ್ಲಿ ಒಂದೆರಡು ಕಡೆ ಮಾತ್ರ ಕೈ. ಹಾಗಾಗಿ ಬಿಸಿಲಿಗೆ ಬೇಗ ಹಾಳಾಗುದಿಲ್ಲ. ಗಾಳಿಯನ್ನೂ ಬಿಡುದಿಲ್ಲ, ಇಂಜೆಕ್ಷನ್ ಬಾಟಲಿಯ ಬಿರಡೆಗೂ ಇದನ್ನೇ ಹಾಕ್ತಾರೆ. ಆದರೆ ನಿನ್ನ ಮರದ ಪ್ಯಾಚು ಇದಕ್ಕೆ ಆಗುದಿಲ್ಲ. ಇದರ ಜಾತಿಯದ್ದೇ ಬೇಕು."

ಬ್ಯುಟೈಲಿನ ಕಂಪೌಂಡು, ಅಂದರೆ ಪ್ಯಾಚಿಗೆ ಹಾಕುವ ಹಸಿ ರಬ್ಬರು, ತೆಗೆದು ಕೊಟ್ಟರು. ನನ್ನಿಂದಲೇ ಮಾಡಿಸಿದರು. ಚೆನ್ನಾಗಿ ಉಜ್ಜಬೇಕು. ಪ್ಯಾಚು ಬೇಯಲು ಅದರ ಮೇಲೆ ಒತ್ತಿ ಕಟ್ಟಿದ ಹಳೆಯ ಪಿಸ್ಟನಿನ ಬಟ್ಟಲಲ್ಲಿ ಸೀಮೆಎಣ್ಣೆ ಒಂದು ಸಲ ಉರಿದರೆ ಸಾಲದು, ಎರಡನೇ ಸಲ ಹಾಕಿ ಉರಿಸಬೇಕು.

"ಆ ದಿನ ಹೇಳಲಿಕ್ಕೆ ಬಂದದ್ದು ಇದನ್ನೇ" ಅಂದರು.

"ನನ್ನದು ತಪ್ಪಾಯಿತು."

"ಬಸ್ಸು ಹೋಗ್ತದೆ. ಚಾ ಕುಡಿದು ಹೊರಡು."

ಕೆಲಸ ಕಲಿತೆ, ಗಿರಾಕಿ ಬರಲಿಲ್ಲ. ಶೀನಪ್ಪಣ್ಣ ಸರಿ ಮಾಡಿದ ಟ್ಯೂಬು ತೆಗೆದುಕೊಂಡರು, ಚಕ್ರಕ್ಕೆ ಹಾಕಲಿಲ್ಲ. "ನಿನ್ನದನ್ನು ನಂಬಿ ಯಾರು ಹೋಗುದು" ಅಂದರು. ಒಂದು ವಾರ ಬರೀ ಸೈಕಲಿಗೆ ಗಾಳಿ ಹೊಡೆದೆ. ತಿಂಗಳ ಕೊನೆಗೆ ಅಂಗಡಿ ಬಿಟ್ಟು ಅಪ್ಪನ ಜೊತೆ ತೋಟಕ್ಕೆ ಹೋಗುವುದು ಎಂದು ಅವ್ವನಿಗೆ ಹೇಳಿಯೂ ಆಯಿತು.

ಆಗ ಒಂದು ಬೆಳಿಗ್ಗೆ ಪುತ್ತೂರು ಬಸ್ಸಿನಿಂದ ಮೋನಾಕ ಇಳಿದರು. ಹೆಗಲಲ್ಲಿ ಜೀಪಿನ ಟ್ಯೂಬು. ಡ್ರೈವರುಗಳು ನಿಂತಲ್ಲಿಗೇ ಹೋಗಿ, "ಚೆನ್ನಪ್ಪನ ಅಂಗಡಿ ಎಲ್ಲುಂಟು? ಇದು ಪಂಕ್ಚರ್" ಅಂದರು.

"ಎಂತ ಮೋನಾಕ, ನಿಮ್ಮ ಅಂಗಡಿ ಮುಚ್ಚಿದ್ರಾ?" ಎಂದು ಶೀನಪ್ಪಣ್ಣ ನಕ್ಕರು.

"ಅಂಗಡಿ ಉಂಟು, ಕಣ್ಣು ಸರಿ ಇಲ್ಲ. ಬ್ಯುಟೈಲು ಆದರೆ ನಾನು ಇವನಿಗೇ ಕೊಡುದು."

ಶುದ್ಧ ಸುಳ್ಳು. ಸೂಜಿಮೊನೆಯಷ್ಟು ತೂತನ್ನು ಅವರು ದೂರದಿಂದ ತೋರಿಸುತ್ತಿದ್ದರು. ಐದು ಡ್ರೈವರುಗಳೂ ಹಿಂದೆ ಬಂದು ನಿಂತರು. ಮೋನಾಕ ನನಗೆ ಬೆನ್ನು ಹಾಕಿ ಬೆಂಚಿನಲ್ಲಿ ಕೂತು ಎಲೆಅಡಿಕೆ ಹಾಕಿದರು. ಮುಗಿಯುವವರೆಗೆ ಒಂದು ಸಲವೂ ತಿರುಗಿ ನೋಡಲಿಲ್ಲ.

ಗಾಳಿ ತುಂಬಿಸಿ ನೀರಿಗೆ ಮುಳುಗಿಸಿದೆ. ಒಂದು ಗುಳ್ಳೆಯೂ ಬರಲಿಲ್ಲ. ಮೋನಾಕ ಟ್ಯೂಬನ್ನು ಹೆಗಲಿಗೆ ಹಾಕಿ ಮುಂದಿನ ಬಸ್ಸಿಗೆ ಹೋದರು. ಮಧ್ಯಾಹ್ನದ ಒಳಗೆ ಶೀನಪ್ಪಣ್ಣ ಎರಡು ಟ್ಯೂಬು ತಂದು ಇಟ್ಟರು.

ಉಜ್ಜುವಾಗ ನಾನು ಕಂಡದ್ದನ್ನು ಯಾರಿಗೂ ಹೇಳಿರಲಿಲ್ಲ. ಆ ಟ್ಯೂಬು ಹೊಸತು, ಚಕ್ರ ಕಂಡದ್ದೇ ಅಲ್ಲ. ಮಡಿಕೆಯೊಳಗೆ ಹೊಸ ಟ್ಯೂಬಿಗೆ ಹಚ್ಚುವ ಬಿಳಿ ಪುಡಿ ಹಾಗೆಯೇ ಇತ್ತು. ತೂತು ದಬ್ಬಣದ್ದು. ಪುತ್ತೂರಿನಿಂದ ಹೊರಡುವ ಮೊದಲು ಅವರೇ ಚುಚ್ಚಿಕೊಂಡು ಬಂದಿದ್ದರು.

ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಅಂಗಡಿ ಈಗಲೂ ಇದೆ. ಇದಕ್ಕಿಂತ ಹೆಚ್ಚು ಬರೆಯಲು ನನ್ನಲ್ಲಿ ಏನೂ ಇಲ್ಲ.