ಮೀನಿನ ತೊಟ್ಟಿಗೆ ದೃಷ್ಟಿಯಂತ್ರ

“ನೀರಿಗೆ ತಾಮ್ರ ಸೇರೈತೆ ಕಣಮ್ಮ” ಎನ್ನುತ್ತ ನನ್ನ ಮಗ ಬಣ್ಣ ತಿರುಗಿದ ಪರೀಕ್ಷೆಯ ಕೊಳವೆಯನ್ನು ಬೆಳಕಿಗೆ ಹಿಡಿದ. ಅಜ್ಜಂಪುರದಿಂದ ಬಂದಿದ್ದ ಬೀಗರು, ಅಂದರೆ ಸೊಸೆಯ ತಂದೆ, ಕಾಫಿ ಲೋಟ ಕೆಳಗಿಟ್ಟರು.

ಕಡೂರಿನ ನಮ್ಮ ಮನೆಯ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು, ಸಮುದ್ರದ ಮೀನು, ಸೀಗಡಿಗಳಿವೆ. ಹಿಂದೊಮ್ಮೆ ಒಂದು ಮೀನು ಸತ್ತಾಗ ಬೀಗರು ನೀರನ್ನು ನೋಡಲಿಲ್ಲ, ಕುಂಕುಮವಿಲ್ಲದ ನನ್ನ ಹಣೆಯನ್ನು ನೋಡಿದರು.

“ಬೆಳಗ್ಗೆ ಎದ್ದು ನಿಮ್ಮಮ್ಮೋರು ಅದರ ಮುಂದೆ ಕೂರೋದು ಬ್ಯಾಡ ಕಣಪ್ಪಾ, ದೃಷ್ಟಿ ಆಗ್ತೈತೆ.”

ನನ್ನ ಕುರ್ಚಿ ಅಡುಗೆಮನೆಗೆ ಹೋಯಿತು. ನನ್ನ ದೃಷ್ಟಿ ತೆಗೆಯಲು ಅವರು ತಾಮ್ರದ ಯಂತ್ರವೊಂದನ್ನು ಬರೆಸಿ ತಂದು, ಭಕ್ತಿಯಿಂದ ತೊಟ್ಟಿಯ ಮರಳಿನಲ್ಲಿ ಹೂತರು. ಆಮೇಲೆ ಸೀಗಡಿಗಳು ಒಂದೊಂದಾಗಿ ಸಾಯತೊಡಗಿದವು.

ಮಗ ಈಗ ತೊಟ್ಟಿಗೆ ಕೈ ಹಾಕಿ, ಹಸಿರುಗಟ್ಟಿದ ಆ ತಗಡನ್ನು ಮೇಲೆತ್ತಿದ. “ಮಾವ, ಉಪ್ಪುನೀರಲ್ಲಿ ತಾಮ್ರ ಕರಗಿದ್ರೆ ಸೀಗಡಿಗೆ ವಿಷ.”

ಬೀಗರು ಗಂಟಲು ಸರಿಮಾಡಿಕೊಂಡರು. “ನೋಡ್ದಾ! ಯಂತ್ರಕ್ಕೆ ಶಕ್ತಿ ಐತೆ ಅಂತಾಯ್ತಲ್ಲ!”

ನೀರು ಬದಲಾಯಿತು, ಬೀಗರು ಬದಲಾಗಲಿಲ್ಲ. ಕುರ್ಚಿಯನ್ನು ನಾನೇ ಹೊತ್ತು ತಂದು ತೊಟ್ಟಿಯ ಮುಂದೆ ಹಾಕಿಕೊಂಡೆ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಮೊಮ್ಮಕ್ಕಳೇ, ಉಳಿದ ಮೀನುಗಳು ದಿನವೂ ಮೊದಲು ನೋಡುವುದು ನಿಮ್ಮ ಅಜ್ಜಿಯ ಮುಖವನ್ನೇ. ಚೆನ್ನಾಗಿ ಮೈದುಂಬಿಕೊಂಡಿವೆ.