ಮಡ್ಡಿಯ ಬಾಡಿಗೆ, ರಾಕೆಟ್ಟಿನ ಪಾಲು

ಗಡಿಯಾಚೆ ಮಹಾರಾಷ್ಟ್ರದಲ್ಲಿ, ಉಮದಿಯಿಂದ ಜತ್ತಿಗೆ ಹೋಗುವ ರಸ್ತೆ ಬಿಟ್ಟು ಸ್ವಲ್ಪ ಒಳಗೆ ಹೊಕ್ಕರೆ ನಮ್ಮ ಅಕ್ಕನ ಮಡ್ಡಿ ಸಿಗುತ್ತದೆ. ಬರೀ ಗರಸು ನೆಲ. ಮಳೆಯಾದ ಮೇಲೆ ಕೆಲವು ವಾರ ಹುಲ್ಲು ಇರುತ್ತದೆ, ಆಮೇಲೆ ಕುರಿಗಳು ಸುಮ್ಮನೆ ನಡೆದಾಡುವ ಜಾಗ. ಗಾಳಿಯಂತ್ರದ ಕಂಪನಿಗಳು ನಮ್ಮ ಕಡೆ ಬಂದಾಗ ಸುತ್ತಲಿನ ದಿಬ್ಬಗಳ ಮೇಲೆಲ್ಲ ಕಂಬ ನಿಲ್ಲಿಸಿದವು. ಅಕ್ಕನ ನೆಲ ತಗ್ಗಿನಲ್ಲಿದೆ, ಗಾಳಿ ಸಾಲದು ಎಂದು ಅದೊಂದನ್ನು ಬಿಟ್ಟವು. ಅಕ್ಕಪಕ್ಕದವರಿಗೆ ವರ್ಷವರ್ಷ ಬಾಡಿಗೆ ಬರತೊಡಗಿತು. ಅಕ್ಕನಿಗೆ ಅದರಿಂದ ಬೇಜಾರಾಗಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಆಕೆ ಹೇಳಲಿಲ್ಲ, ನಾನು ಕೇಳಲಿಲ್ಲ.

ಗಂಡ ತೀರಿಕೊಂಡ ಮೇಲೆ ಕುರಿಹಿಂಡನ್ನು ಅಕ್ಕನೇ ನೋಡಿಕೊಂಡು ಬಂದವಳು. ನೆಲವೂ ಆಕೆಯ ಹೆಸರಿನಲ್ಲೇ ಇದೆ. ನಾನು ಜತ್ತಿನ ಒಂದು ಪತಸಂಸ್ಥೆಯಲ್ಲಿ, ಅಂದರೆ ಪತ್ತಿನ ಸಹಕಾರಿ ಸಂಘದಲ್ಲಿ, ಕೆಲಸ ಮಾಡಿ ನಿವೃತ್ತನಾದವನು. ಆಯುಷ್ಯವೆಲ್ಲ ಬೇರೆಯವರ ಸಾಲದ ಅರ್ಜಿ ಓದಿದ್ದರಿಂದ ಯಾವುದನ್ನು ನೋಡಿದರೂ ಮೊದಲು ಅನುಮಾನ ಪಡುವ ಚಟ ನನಗೆ. ಮನೆಯಲ್ಲಿ ಕಾಗದಪತ್ರದ ವಿಷಯ ಬಂದರೆ ನನ್ನನ್ನೇ ಕರೆಯುತ್ತಾರೆ.

ಹಾಗೆ ಕರೆದಾಗ ಹೋಗಿ ನೋಡಿದರೆ ಅಕ್ಕನ ಮನೆಯ ಕಟ್ಟೆಯ ಮೇಲೆ ಪುಣೆಯಿಂದ ಬಂದ ಒಬ್ಬ ಹೆಣ್ಣುಮಗಳು ಕೂತಿದ್ದಳು. ಮೂವತ್ತೈದರ ಆಸುಪಾಸಿನ ವಯಸ್ಸು. ತಾಯಿ ಬೆಳಗಾವಿ ಕಡೆಯವಳಾದ್ದರಿಂದ ಕನ್ನಡ ಬರುತ್ತಿತ್ತು, ತಡವರಿಸಿದಲ್ಲಿ ಮರಾಠಿಗೆ ಹೊರಳುತ್ತಿದ್ದಳು. ವಾಹನ ತಯಾರಿಸುವ ಕಂಪನಿಯ ನೌಕರಿ ಬಿಟ್ಟು, ಗೆಳೆಯರ ಜೊತೆ ರಾಕೆಟ್ ಕಟ್ಟುವ ಕಂಪನಿ ಶುರುಮಾಡಿದ್ದಳು. ಸಣ್ಣ ಉಪಗ್ರಹ ಮಾಡುವವರು ಈಗ ಬಹಳ ಮಂದಿ ಇದ್ದಾರೆ, ಅವರೆಲ್ಲ ದೊಡ್ಡ ರಾಕೆಟ್ಟಿನಲ್ಲಿ ಜಾಗ ಸಿಗುವವರೆಗೆ ಕಾಯುತ್ತ ಕೂತಿದ್ದಾರೆ, ಅವರಿಗಾಗಿ ಸಣ್ಣ ರಾಕೆಟ್ ಬೇಕು ಎಂದು ಬಿಡಿಸಿ ಹೇಳಿದಳು. ಹಾರಿಸುವುದು ಸಮುದ್ರದ ದಂಡೆಯಿಂದ. ಆದರೆ ಎಂಜಿನ್ನನ್ನು ಮೊದಲು ನೆಲಕ್ಕೆ ಬಿಗಿದು ಉರಿಸಿ ನೋಡಬೇಕು. ಅದಕ್ಕೆ ಊರಿಂದ ದೂರವಿರುವ, ಟ್ಯಾಂಕರ್ ಬರುವಂಥ ಜಾಗ ಬೇಕಿತ್ತು. ಗಾಳಿಯಂತ್ರದವರು ಬೇಡವೆಂದ ಮಡ್ಡಿ ಈಕೆಗೆ ಹಿಡಿಸಿತ್ತು.

ಹಾರಿದ ಮೇಲೆ ಆ ರಾಕೆಟ್ ಯಾರದಾಗುತ್ತದೆ ಎಂದು ಅಕ್ಕ ಕೇಳಿದಳು. ರೊಕ್ಕ ಹಾಕಿದವರಿಗೆಲ್ಲ ಅದರಲ್ಲಿ ಪಾಲಿರುತ್ತದೆ, ನೆಲ ಕೊಟ್ಟವರಿಗೆ ಬಾಡಿಗೆ ಎಂಬ ಉತ್ತರ ಬಂತು. ಅಕ್ಕ ಪಕ್ಕದ ದಿಬ್ಬದ ಕಡೆ ಕೈ ಮಾಡಿದಳು.

"ಬಾಜುದವರ ಹೊಲದಾಗ ಗಾಳಿಯಂತ್ರ ವರ್ಷಾನಗಟ್ಟಲೆ ತಿರುಗಾಕ ಹತ್ತೈತಿ. ಅವರಿಗೂ ಅದಕ್ಕೂ ಏನೂ ಸಂಬಂಧಿಲ್ಲ. ನನಗ ಸಂಬಂಧ ಬೇಕು," ಅಂದಳು. "ಬಾಡಿಗಿ ಬ್ಯಾಡ, ಪಾಲು ಕೊಡ್ರಿ."

ಬೇಡ ಎಂದು ಮೊದಲು ಹೇಳಿದವಳು ಆ ಹೆಣ್ಣುಮಗಳೇ. "ಆಯಿ, ಬಾಡಿಗಿ ತಗೋರಿ. ನಮ್ಮಂಥಾ ಕಂಪನಿ ಭಾಳ ಹುಟ್ತಾವ, ಉಳಿಯೋದು ಕಡಿಮಿ. ಒಂದು ಸಲ ಕೆಳಗ ಬಿದ್ದರ ರೊಕ್ಕ ಹಾಕೋರು ಹೊಳ್ಳಿ ನೋಡಂಗಿಲ್ಲ." ನಾನೂ ಅದನ್ನೇ ಹೇಳಿದೆ. ನನ್ನ ಮಾತಿಗೆ ಮನೆಯಲ್ಲಿ ಹೊಸತನವೇನೂ ಉಳಿದಿರಲಿಲ್ಲ. ಕೊನೆಗೆ ಅರ್ಧ ಬಾಡಿಗೆ ರೊಕ್ಕದಲ್ಲಿ, ಉಳಿದರ್ಧಕ್ಕೆ ಕಂಪನಿಯ ಶೇರು ಎಂದು ತೀರ್ಮಾನವಾಯಿತು. ಜತ್ತಿನಲ್ಲಿ ಕರಾರು ಬರೆಸಿದೆವು. ಸಹಿ ಮಾಡುವಾಗ ಅಕ್ಕ ಕನ್ನಡಕ ಒರೆಸಿ ಹಾಕಿಕೊಂಡದ್ದು ನನಗೆ ನೆನಪಿದೆ. ಬೇರೆ ಕಾಗದಕ್ಕೆ ಆಕೆ ಹಾಗೆ ಮಾಡುತ್ತಿರಲಿಲ್ಲ.

ಮಡ್ಡಿಯ ಮೇಲೆ ದಪ್ಪ ಕಾಂಕ್ರೀಟಿನ ಗೋಡೆ ಎದ್ದಿತು, ತಗಡಿನ ಶೆಡ್ ಬಂತು. ಪರೀಕ್ಷೆಯ ದಿನ ಎಚ್ಚರಿಕೆಗೆ ಭೋಂಗಾ ಊದುತ್ತಿದ್ದರು. ಅಷ್ಟರೊಳಗೆ ಅಕ್ಕ ಕುರಿಗಳನ್ನು ಹಳ್ಳದ ಆಚೆಗೆ ಹೊಡೆಯಬೇಕು. ಮೊದಲ ಸಲ ಎಂಜಿನ್ ಹೊತ್ತಿಕೊಂಡ ಕೂಡಲೇ ಒಡೆಯಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಸದ್ದಿಗೆ ಬೆದರಿದ ಕುರಿಗಳು ಪಕ್ಕದವರ ದಾಳಿಂಬೆ ತೋಟಕ್ಕೆ ನುಗ್ಗಿದವು. ಅವನ್ನು ಒಟ್ಟುಗೂಡಿಸುವಷ್ಟರಲ್ಲಿ ಹೊತ್ತು ಇಳಿದಿತ್ತು. ಪುಣೆಯ ಎಂಜಿನಿಯರುಗಳೂ ಕೈಯಲ್ಲಿ ಕೋಲು ಹಿಡಿದು ಓಡಾಡಿದರು, ಉಪಯೋಗವಾದದ್ದು ಅಷ್ಟಕ್ಕಷ್ಟೇ. ತೋಟದ ಹಾನಿಯನ್ನು ಕಂಪನಿ ತುಂಬಿಕೊಟ್ಟಿತು.

ಎರಡನೆಯ ಎಂಜಿನ್ ಬರಲು ಚಳಿಗಾಲವಾಯಿತು. ಆ ಸಲ ನಾನೂ ಹಳ್ಳದ ಆಚೆ ಅಕ್ಕನ ಜೊತೆ ನಿಂತಿದ್ದೆ. ಗೋಡೆಯ ಮಗ್ಗುಲಿಂದ ಉದ್ದನೆಯ ಬೆಂಕಿ ಅಲುಗಾಡದೆ ನಿಂತಿತು. ಸದ್ದು ಕಿವಿಗಿಂತ ಮೊದಲು ಎದೆಗೆ ತಾಗಿತು. ಆಮೇಲೆ ಬೆಂಕಿ, ಸದ್ದು ಎರಡೂ ಒಮ್ಮೆಲೇ ನಿಂತವು, ಶೆಡ್ಡಿನಿಂದ ಹುಡುಗರು ಹೊರಗೆ ಬಂದು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಎಂಜಿನ್ ನಿಂತದ್ದು ಕೆಟ್ಟದ್ದಕ್ಕೋ ಪರೀಕ್ಷೆ ಮುಗಿದದ್ದಕ್ಕೋ ಎಂದು ಅಕ್ಕ ಕೇಳಿದಳು. ಮುಗಿಯಿತೆಂದು ಕಾಣುತ್ತದೆ ಎಂದೆ.

ಆ ಪರೀಕ್ಷೆ ನೋಡಿ ಹೂಡಿಕೆದಾರರು ಮತ್ತೆ ರೊಕ್ಕ ಹಾಕಿದರು. ಕಂಪನಿಯ ಬೆಲೆ ಏರಿತು, ಅದರ ಜೊತೆ ಅಕ್ಕನ ಶೇರಿನ ಬೆಲೆಯೂ. ಇದು ಕಾಗದದ ಮೇಲಿನ ಬೆಲೆ, ಪೇಟೆಗೆ ಒಯ್ದು ಮಾರಲು ಬರುವುದಿಲ್ಲ, ಕೊಳ್ಳುವವನೇ ಮನೆಗೆ ಬರಬೇಕು ಎಂದು ನಾನು ತಿಳಿಸಿ ಹೇಳಿದೆ. ಕೆಲವು ತಿಂಗಳಲ್ಲಿ ಕೊಳ್ಳುವವನೂ ಬಂದ. ಇಂಥ ಕಂಪನಿಗಳ ಶೇರು ಹುಡುಕಿ ಹುಡುಕಿ ಕೊಳ್ಳುವ ಪುಣೆಯ ದಲಾಲಿ. ಅವನು ಕೊಡುತ್ತೇನೆಂದ ರೊಕ್ಕಕ್ಕೆ ಒಂದು ಹೊಸ ಟೆಂಪೋ ಬರುತ್ತಿತ್ತು. ಟೆಂಪೋ ಅಕ್ಕನ ಬಹಳ ದಿನದ ಆಸೆ. ಕುರಿಗಳನ್ನು ಬಾಗಿಲಿಗೆ ಬಂದ ವ್ಯಾಪಾರಿಗೆ ಕೊಡುವ ಬದಲು ತಾನೇ ಹೇರಿಕೊಂಡು ವಿಜಯಪುರದ ಸಂತೆಗೆ ಒಯ್ಯಬಹುದೆಂದು ಆಕೆ ಆಗಾಗ ಹೇಳುತ್ತಿದ್ದಳು.

ಮಾರಿಬಿಡು ಎಂದೆ. ಅಕ್ಕ ಆ ಹೆಣ್ಣುಮಗಳಿಗೆ ಫೋನ್ ಮಾಡಿದಳು. ಆಕೆ, ಈಗ ಮಾರಬೇಡಿ, ರಾಕೆಟ್ ಹಾರಿದ ಮೇಲೆ ಇದಕ್ಕಿಂತ ಬಹಳ ಬೆಲೆ ಬರುತ್ತದೆ, ಇನ್ನೇನು ಹಾರಿಸುವುದೇ ಇದೆ ಎಂದಳಂತೆ. ಬೇಕೆಂದೇ ತಪ್ಪು ದಾರಿ ಹಿಡಿಸುವವಳಲ್ಲ ಆಕೆ. ತನ್ನ ಮನೆಯನ್ನೂ ಒತ್ತೆ ಇಟ್ಟು ಕಂಪನಿಗೆ ಹಾಕಿದ್ದಳೆಂದು ಆಮೇಲೆ ತಿಳಿಯಿತು. ಮೊದಲು ಕಟ್ಟೆಯ ಮೇಲೆ ಕೂತು ಬಾಡಿಗೆ ತಗೊಳ್ಳಿ ಎಂದಾಗ ಆಕೆಗೆ ಸೋಲು ಕಾಣುತ್ತಿತ್ತು, ಈಗ ಕಾಣುತ್ತಿರಲಿಲ್ಲ. ಅಕ್ಕ ಮಾರಲಿಲ್ಲ.

ರಾಕೆಟ್ ಹಾರಿದ್ದನ್ನು ಉಮದಿಯ ನಮ್ಮ ಮನೆಯಲ್ಲಿ ಟಿವಿಯ ಮೇಲೆ ನೋಡಿದೆವು. ಅಕ್ಕ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಸರಾಗವಾಗಿ ಏರಿತು. ಕೆಳಗಿನ ಭಾಗ ಕಳಚಿ ಬಿತ್ತು, ಅದು ಹಾಗೆಯೇ ಆಗಬೇಕಾದದ್ದು. ಮೇಲಿನ ಎಂಜಿನ್ ಹೊತ್ತಿಕೊಂಡು, ಸ್ವಲ್ಪ ಹೊತ್ತಿಗೆ ಆರಿತು. ಅಲ್ಲಿಯವರೆಗೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದವನು ಮಾತು ನಿಲ್ಲಿಸಿದ. ಪರದೆಯ ಮೇಲಿನ ಗೆರೆ ಬಾಗಿ ಕೆಳಗಿಳಿಯತೊಡಗಿತು. ಸಮುದ್ರಕ್ಕೆ ಬಿತ್ತು. ಗಿರಾಕಿಗಳ ಸಣ್ಣ ಉಪಗ್ರಹಗಳೂ ಅದರೊಳಗೆ ಇದ್ದವು. ಅವಕ್ಕೆ ವಿಮೆ ಇತ್ತು, ಕಂಪನಿಗೆ ಇರಲಿಲ್ಲ. ನನ್ನ ಹೆಂಡತಿ ಚಹಾ ತಂದಿಟ್ಟಳು. ಅಕ್ಕ ಕುಡಿದು, ಕುರಿ ನೋಡಬೇಕು ಎಂದು ಎದ್ದು ಹೋದಳು.

ಆಮೇಲೆ ಆದದ್ದು ನಾನು ಪತಸಂಸ್ಥೆಯಲ್ಲಿ ಬಹಳ ಸಲ ಕಂಡದ್ದೇ. ಮತ್ತೆ ರೊಕ್ಕ ಕೇಳಿದರೆ ಹೂಡಿಕೆದಾರರು ಯಾರೂ ಕೊಡುವುದಿಲ್ಲ ಎನ್ನಲಿಲ್ಲ, ಎಲ್ಲರೂ ನೋಡೋಣ ಎಂದರು. ನೋಡೋಣ ಎನ್ನುತ್ತಲೇ ಪಗಾರ ತಡವಾದವು, ವೆಲ್ಡರುಗಳು ಬೇರೆ ಕಡೆ ಹೋದರು, ಶೆಡ್ಡಿನ ಕಾವಲುಗಾರನೂ ಬಿಟ್ಟ. ಕಂಪನಿಯನ್ನು ಇನ್ನೊಂದು ದೊಡ್ಡ ಕಂಪನಿ ಕೊಂಡಿತು. ಅಕ್ಕನ ಶೇರಿನ ಬದಲಿಗೆ ಆ ಕಂಪನಿಯ ಒಂದಿಷ್ಟು ಶೇರು ಬಂದವು. ಅವುಗಳ ಬೆಲೆ ಬಿಟ್ಟುಕೊಟ್ಟ ಅರ್ಧ ಬಾಡಿಗೆಗೂ ಸಮವಾಗುತ್ತಿರಲಿಲ್ಲ.

ಇದನ್ನು ಹೇಳಲು ಆ ಹೆಣ್ಣುಮಗಳು ತಾನೇ ಬಂದಳು. ಫೋನಿನಲ್ಲಿ ಹೇಳಬಹುದಿತ್ತು. ಅದೇ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಪಗಾರದ ಬದಲು ಶೇರು ತೆಗೆದುಕೊಳ್ಳಿರೆಂದು ತನ್ನ ಹುಡುಗರಿಗೂ ಹೇಳಿದ್ದಳಂತೆ, ಅವರ ಮುಖ ನೋಡುವುದು ಕಷ್ಟವಾಗಿದೆ ಎಂದಳು. ಆಮೇಲೆ, "ಆಯಿ, ಅವತ್ತ ಮಾರ್ರಿ ಅನಬೇಕಿತ್ತು ನಾನು," ಅಂದಳು.

ಅಕ್ಕ ಆಕೆಗೆ ಊಟಕ್ಕೆ ಬಡಿಸಿದಳು. ರೊಟ್ಟಿ, ಪುಂಡಿಪಲ್ಯ. ಕೈ ತೊಳೆಯಲು ನೀರು ಹಾಕುವಾಗ ಹೇಳಿದಳು:

"ಪಾಲು ಬ್ಯಾಡ ಅಂದಾಕಿನೂ ನೀನ, ಮಾರಬ್ಯಾಡ ಅಂದಾಕಿನೂ ನೀನ. ಎರಡೂ ಸಲ ನಿನಗ ಖರೆ ಅನಿಸಿದ್ದನ್ನ ಹೇಳೀದಿ. ಅದು ನನಗ ತಿಳೀತೈತಿ. ಆದರ ಸಿಟ್ಟು ಬಂದೈತಿ. ಅದು ಹೋಗಾಕ ವ್ಯಾಳೆ ಬೇಕು. ಅಲ್ಲೀತನಕ ಫೋನ್ ಮಾಡಬ್ಯಾಡ."

ಆಕೆ ತಲೆಯಾಡಿಸಿ ಜೀಪು ಹತ್ತಿದಳು. ಅಕ್ಕ ಬಾಗಿಲವರೆಗೂ ಹೋಗಲಿಲ್ಲ.

ದೊಡ್ಡ ಕಂಪನಿಗೆ ನಮ್ಮ ಮಡ್ಡಿ ಬೇಕಿರಲಿಲ್ಲ. ಕರಾರಿನಂತೆ ಕೊನೆಯ ಬಾಡಿಗೆ ಕೊಟ್ಟು, ಶೆಡ್ ಬಿಚ್ಚಿ ಒಯ್ದರು, ಗೋಡೆ ಬಿಟ್ಟರು. ಆ ಹೆಣ್ಣುಮಗಳು ಅದೇ ಕಂಪನಿಯಲ್ಲಿ ಎಂಜಿನ್ನಿನ ಕೆಲಸಕ್ಕೆ ಸೇರಿದಳು. ಒತ್ತೆಯಿಟ್ಟ ಮನೆ ಉಳಿಯಿತೋ ಹೋಯಿತೋ ನಮಗೆ ಗೊತ್ತಾಗಲಿಲ್ಲ. ಉಳಿದ ಶೇರನ್ನಾದರೂ ಈಗ ಮಾರು ಎಂದು ನಾನು ಅಕ್ಕನಿಗೆ ಹೇಳಿ ನೋಡಿದೆ. ಇರಲಿ ಬಿಡು ಎಂದಳು. ಟೆಂಪೋ ಬರಲಿಲ್ಲ. ಕುರಿಗಳನ್ನು ಈಗಲೂ ವ್ಯಾಪಾರಿಯೇ ಬಂದು ಒಯ್ಯುತ್ತಾನೆ.

ದೀಪಾವಳಿಯ ಮರುದಿನ ಅಕ್ಕನೇ ಆಕೆಗೆ ಫೋನ್ ಮಾಡಿದ್ದಾಳೆ. ನನಗೆ ಗೊತ್ತಾದದ್ದು ಎಷ್ಟೋ ದಿನಗಳ ಮೇಲೆ. ಏನು ಮಾತಾಡಿದಿರಿ ಎಂದು ಕೇಳಿದೆ. ಉಣ್ಣೆಗೆ ಈ ವರ್ಷ ಕೇಳುವವರೇ ಇಲ್ಲವೆಂದು ಅಕ್ಕ ಹೇಳಿದಳಂತೆ, ನಮ್ಮ ಎಂಜಿನ್ನನ್ನೇ ಸಣ್ಣದು ಮಾಡಿ ಹೊಸ ರಾಕೆಟ್ಟಿಗೆ ಕೂಡಿಸಿದ್ದೇವೆ ಎಂದು ಆಕೆ ಹೇಳಿದಳಂತೆ. ನಮ್ಮ ಎಂಜಿನ್ ಎಂಬ ಮಾತು ಆಕೆಯದೋ ಅಕ್ಕನದೋ ನಾನು ವಿಚಾರಿಸಲಿಲ್ಲ.

ಆ ಹೊಸ ರಾಕೆಟ್ಟನ್ನು ಮೊನ್ನೆ ಹಾರಿಸಿದರು. ಅಕ್ಕ ಉಮದಿಯ ಸಂತೆಗೆ ಹೋಗಿದ್ದಳು. ನಾನೊಬ್ಬನೇ ಕೂತು ನೋಡಿದೆ. ಮೇಲಿನ ಎಂಜಿನ್ ಹೊತ್ತಿಕೊಂಡಿತು, ಆರಲಿಲ್ಲ. ಉಪಗ್ರಹಗಳು ತಮ್ಮ ಜಾಗ ಸೇರಿದವೆಂದು ಹೇಳಿದ ಮೇಲೆ ಅಕ್ಕನಿಗೆ ಫೋನ್ ಹಚ್ಚಿದೆ.

"ಹೋತೇನು?" ಅಂದಳು.

ಹೋಯಿತು ಎಂದೆ.

"ಚಲೋ ಆತು. ಇಲ್ಲಿ ಗದ್ದಲ ಭಾಳ ಐತಿ, ನೀ ಅಂದದ್ದು ಕೇಳವಲ್ದು. ಮನಿಗಿ ಬಂದು ಮಾತಾಡ್ತೀನಿ," ಎಂದು ಫೋನ್ ಇಟ್ಟಳು.